ಬಚ್ಚಲ ಮಾಡಿನ ಸಿಮೆಂಟ್ ಶೀಟಿಗೆ ಬೂಷ್ಟು: ತಂತಿ ಬ್ರಷ್ಷಿನಿಂದ ಉಜ್ಜಬಹುದೇ?

ಅಂಕೋಲಾ ಕಡೆಯ ಹಳೇ ಮನೆ, ಬಚ್ಚಲ ಮೇಲೆ 25 ವರ್ಷದ ಸಿಮೆಂಟ್ ಶೀಟು, ಒಳಗೆ ಕಪ್ಪು ಬೂಷ್ಟು, ಮೇಲೆ ಪಾಚಿ. ಮಳೆಗಾಲಕ್ಕೆ ಮುಂಚೆ ಅಪ್ಪ ತಂತಿ ಬ್ರಷ್ಷಿನಿಂದ ಉಜ್ಜಲು ಹೊರಟಿದ್ದಾರೆ, ಮನೆಯಲ್ಲಿ ಎರಡು ವರ್ಷದ ಮಗು ಇದೆ ಎಂದು ಬರೆದಿದ್ದೀರಿ. ದಯವಿಟ್ಟು ಅಪ್ಪನನ್ನು ಇವತ್ತೇ ತಡೆಯಿರಿ. ಇಂಥ ಹಳೇ ಶೀಟಿನಲ್ಲಿ ಸಾಮಾನ್ಯವಾಗಿ ಆಸ್ಬೆಸ್ಟಾಸ್ ಎಂಬ ಕಲ್ನಾರು ಇರುತ್ತದೆ, ಉಜ್ಜಿದರೆ ಅದರ ಎಳೆ ಗಾಳಿಗೆ ಏಳುತ್ತದೆ. ಬೂಷ್ಟನ್ನು ನಿಧಾನಕ್ಕೆ ನೋಡೋಣ.

ನಾನು ಕುಮಟಾದವಳು. ನಮ್ಮ ಕೊಟ್ಟಿಗೆಗೂ ಇದೇ ಶೀಟು. ಒಮ್ಮೆ ತೆಂಗಿನ ಮಡಲು ಬಿದ್ದು ಮೂಲೆ ಮುರಿದಿತ್ತು. ಒಡೆದ ಅಂಚಿನಲ್ಲಿ ಹತ್ತಿಯ ಎಳೆಯಂಥ ಬಿಳಿ ನಾರು ಇಣುಕುತ್ತಿತ್ತು. ಅದೇ ಆಸ್ಬೆಸ್ಟಾಸ್ ಎಂದು ತಿಳಿಯದೆ ಚೂರನ್ನೆಲ್ಲ ಕಸಬರಿಗೆಯಿಂದ ಒಣಒಣ ಗುಡಿಸಿದ್ದೆ, ಮಗಳು ಪಕ್ಕದಲ್ಲೇ ಆಡುತ್ತಿದ್ದಳು. ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಶೀಟು ಗಟ್ಟಿಯಾಗಿ ಕೂತಿದ್ದರೆ ಅದರಡಿ ಸ್ನಾನ ಮಾಡಲು ಹೆದರಬೇಕಿಲ್ಲ. ಉಜ್ಜಿದಾಗ, ಡ್ರಿಲ್ ಹೊಡೆದಾಗ, ಮುರಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಏಳುತ್ತವೆ. ಶ್ವಾಸಕೋಶದ ಕ್ಯಾನ್ಸರ್, ಮೆಸೊಥೆಲಿಯೋಮಾ (ಹೆಚ್ಚಾಗಿ ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್) ಬರುವುದು ಆ ಎಳೆಗಳಿಂದ, ಅದೂ ಸಾಮಾನ್ಯವಾಗಿ 20-40 ವರ್ಷ ಕಳೆದ ಮೇಲೆ. ‘ನಮಗೇನೂ ಆಗಿಲ್ಲವಲ್ಲ’ ಎಂದು ಅಪ್ಪ ಹೇಳಿದರೆ ಮಗುವಿನ ಮುಂದೆ ಆ ವರ್ಷಗಳೆಲ್ಲ ಇನ್ನೂ ಇವೆ ಎನ್ನಿ. ಯುರೋಪ್ ಒಕ್ಕೂಟ ಆಸ್ಬೆಸ್ಟಾಸನ್ನು 2005ರಲ್ಲೇ ನಿಷೇಧಿಸಿದೆ. ನಮ್ಮಲ್ಲಿ ಮಾರಾಟ ನಿಂತಿಲ್ಲ.

ಇನ್ನು ಬೂಷ್ಟು. ಬೆಳಿಗ್ಗೆ ಹಂಡೆ ಕಾದು ಸ್ನಾನವಾದ ಮೇಲೆ ಶೀಟಿನ ಬೋಲ್ಟುಗಳ ತುದಿ ನೋಡಿ. ಮಳೆಯಿಲ್ಲದ ದಿನವೂ ಅಲ್ಲಿ ಹನಿ ಜೋತಿದ್ದರೆ ಅದು ಸೋರಿಕೆಯಲ್ಲ, ಹಂಡೆಯ ಉಗಿ ತಣ್ಣನೆ ಶೀಟಿಗೆ ತಾಗಿ ನೀರಾದದ್ದು. ಉಗಿ ಹೊರಹೋಗಲು ಮೇಲ್ಗಡೆ ಕಿಂಡಿ ಇರಲಿ. ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಬಚ್ಚಲಲ್ಲೇ ಹರವುವುದು ನಮ್ಮೆಲ್ಲರ ರೂಢಿ, ಅದನ್ನೂ ಬಿಡಿ. ತೇವ ನಿಲ್ಲದೆ ಎಷ್ಟು ಒರೆಸಿದರೂ ಬೂಷ್ಟು ಮತ್ತೆ ಬರುತ್ತದೆ. ಮಳೆ ಬಂದಾಗ ಮಾತ್ರ ತೊಟ್ಟಿಕ್ಕಿದರೆ ಬೋಲ್ಟಿನ ವಾಷರ್ ಹೋಗಿರಬೇಕು.

ಶೀಟಿನ ಒಳಮೈ ಪುಡಿ ಉದುರದಷ್ಟು ಗಟ್ಟಿಯಿದ್ದರೆ ಮಾತ್ರ ಸಾಬೂನು ನೀರು ಸಿಂಪಡಿಸಿ, ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಬಿಡಿ. ಪುಡಿ ಉದುರುತ್ತಿದ್ದರೆ ಮುಟ್ಟಲೇಬೇಡಿ. ಗೋಡೆಯ ಬೂಷ್ಟನ್ನು ಸಾಬೂನು ಹಾಕಿ ತಿಕ್ಕಬಹುದು. ಬ್ಲೀಚಿಂಗ್ ಪುಡಿಯ ಜೊತೆ ಟಾಯ್ಲೆಟ್ ಕ್ಲೀನರ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಬೂಷ್ಟಿನ ಮೇಲೆಯೇ ಬಣ್ಣ ಬಳಿಯುವುದು ದುಡ್ಡು ದಂಡ.

ಹೊರಗಿನ ಪಾಚಿಯನ್ನು ಹಾಗೇ ಬಿಡಿ. ಹಳೇ ಶೀಟು ಮನುಷ್ಯನ ಭಾರ ತಡೆಯುವುದಿಲ್ಲ, ಅಪ್ಪ ಹತ್ತಿದರೆ ಶೀಟಿನ ಸಮೇತ ಕೆಳಗೆ.

ಮುಂದೆ ತೆಗೆಸುವಾಗ ಚೆನ್ನಾಗಿ ನೀರು ಹೊಡೆದು, ಬೋಲ್ಟು ಬಿಚ್ಚಿ, ಇಡೀ ಶೀಟನ್ನೇ ಇಳಿಸಲು ಹೇಳಿ. ಕಟಿಂಗ್ ಮಷಿನ್ ಬೇಡ. ಬಾಯಿಗೆ ಟವೆಲ್ ಕಟ್ಟಿದರೆ ಆ ಎಳೆ ನಿಲ್ಲುವುದಿಲ್ಲ, ಕೆಲಸದವರಿಗೆ ಸೂಕ್ಷ್ಮ ಧೂಳನ್ನೂ ತಡೆಯುವ ಪಿ-100 ಮಾಸ್ಕ್ ನೀವೇ ತಂದುಕೊಡಿ. ದಪ್ಪ ಪ್ಲಾಸ್ಟಿಕ್ ಸುತ್ತಿಟ್ಟು, ಎಲ್ಲಿ ಹಾಕಬೇಕೆಂದು ಪಂಚಾಯ್ತಿಗೆ ಬರೆದು ಕೇಳಿ. ಒಡೆದು ಅಂಗಳದ ಹೊಂಡ ತುಂಬಿಸುವವರನ್ನು ನೋಡಿದ್ದೇನೆ, ಅಂಥದ್ದು ಬೇಡ. ಆ ದಿನ ಮಗುವನ್ನು ಅಜ್ಜಿಮನೆಗೆ ಕಳಿಸಿಬಿಡಿ.