ಎಲ್ಲರಿಗೂ ಥಲಸ್ಸೇಮಿಯಾ ವಾಹಕ ಪರೀಕ್ಷೆ ಮಾಡಿಸುವುದು ದುಡ್ಡು ದಂಡವೇ? ಮದುವೆಗೆ ಮುಂಚೆ ಕಡ್ಡಾಯ ಮಾಡಬೇಕೇ?

ದುಡ್ಡು ದಂಡ ಖಂಡಿತ ಅಲ್ಲ. ಆದರೆ ಮದುವೆಗೆ ಮುಂಚೆ ಕಡ್ಡಾಯ ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಆಸ್ಪತ್ರೆಯ ಲ್ಯಾಬ್‌ನಲ್ಲಿ ರಕ್ತಪರೀಕ್ಷೆ ಮಾಡುವುದೇ ನನ್ನ ಕೆಲಸ. ಹಾಗಾಗಿ ಲೆಕ್ಕದಿಂದ ಶುರು ಮಾಡುತ್ತೇನೆ.

ಥಲಸ್ಸೇಮಿಯಾ ಎಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಅಪ್ಪ ಅಮ್ಮನಿಂದ ಬರುವ ರಕ್ತದ ಕಾಯಿಲೆ; ಅದರ ಕೆಟ್ಟ ಜೀನ್ ಒಂದನ್ನು ಮಾತ್ರ ಹೊತ್ತವರು ವಾಹಕರು. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 3–4 ಜನ ಬೀಟಾ ಥಲಸ್ಸೇಮಿಯಾ ವಾಹಕರು. ಅವರು ಆರೋಗ್ಯವಾಗಿಯೇ ಇರುತ್ತಾರೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಮಾತ್ರ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸಾವಿರ ಗರ್ಭಿಣಿಯರನ್ನು ಪರೀಕ್ಷಿಸಿ, ಸಿಕ್ಕ 30–40 ವಾಹಕರ ಗಂಡಂದಿರನ್ನೂ ಪರೀಕ್ಷಿಸಿದರೆ ಅಂಥ ಜೋಡಿ ಸಿಗುವುದು ಒಂದೋ ಎರಡೋ. ಸಂಬಂಧದಲ್ಲೇ ಹೆಣ್ಣು ಕೊಟ್ಟು ತರುವ ಕಡೆ ಇನ್ನೂ ಹೆಚ್ಚು. ಇಷ್ಟಕ್ಕೆ ಸಾವಿರ ಟೆಸ್ಟಾ ಅನ್ನಿಸಬಹುದು. ಆದರೆ ಥಲಸ್ಸೇಮಿಯಾ ಮೇಜರ್ (ಕಾಯಿಲೆಯ ತೀವ್ರ ರೂಪ) ಇರುವ ಮಗುವಿಗೆ 2–4 ವಾರಕ್ಕೊಮ್ಮೆ ರಕ್ತ ಹಾಕಿಸಬೇಕು, ಮೈಯಲ್ಲಿ ಸೇರುವ ಕಬ್ಬಿಣ ತೆಗೆಯಲು ದಿನಾ ಔಷಧಿ ಕೊಡಬೇಕು. ಅಸ್ಥಿಮಜ್ಜೆ ಕಸಿ ಆಗದಿದ್ದರೆ ಇದು ಜೀವನಪೂರ್ತಿ. ಪ್ರತಿ ಸಲವೂ ಅಪ್ಪನೋ ಅಮ್ಮನೋ ಆ ದಿನದ ಕೂಲಿ ಬಿಟ್ಟು ಬರಬೇಕು. ಆ ಒಂದು ಮಗುವಿನ ಖರ್ಚಿನ ಮುಂದೆ ಸಾವಿರ ಟೆಸ್ಟ್ ಏನೂ ಅಲ್ಲ.

ನಮ್ಮಲ್ಲಿ ಕಷ್ಟ ಇರುವುದು ಯಾರಿಗೆ ಪೂರ್ತಿ ಪರೀಕ್ಷೆ ಬೇಕು ಎಂದು ಸೋಸುವ ಜರಡಿಯಲ್ಲಿ. ಮೊದಲು ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿ, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 80ಕ್ಕಿಂತ ಕಡಿಮೆ ಬಂದವರಿಗೆ ಮಾತ್ರ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆದು ವಾಹಕರನ್ನು ಗುರುತಿಸುವ ಪರೀಕ್ಷೆ) ಮಾಡುವುದು ಅಗ್ಗದ ದಾರಿ. ಆದರೆ ಕಬ್ಬಿಣಾಂಶ ಕಡಿಮೆಯಾದರೂ ಎಂಸಿವಿ ಇಳಿಯುತ್ತದೆ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (ಎನ್‌ಎಫ್‌ಎಚ್‌ಎಸ್-5) ಪ್ರಕಾರ ದೇಶದ ಗರ್ಭಿಣಿಯರಲ್ಲಿ 52% ಜನಕ್ಕೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 10.5, ಎಂಸಿವಿ 62, ಕೆಂಪು ಕಣ 55 ಲಕ್ಷ: ಇಂಥ ರಿಪೋರ್ಟ್ ಕಂಡರೆ ನನಗೆ ಆ ಮೂರನೇ ಅಂಕಿಯ ಮೇಲೇ ಕಣ್ಣು. ಬರೀ ಕಬ್ಬಿಣದ ಕೊರತೆಯಾದರೆ ಕಣಗಳ ಸಂಖ್ಯೆ ಸಾಮಾನ್ಯವಾಗಿ ಇಷ್ಟಿರುವುದಿಲ್ಲ, ಆಕೆ ವಾಹಕಿ ಇರಬಹುದು. ಆದರೂ ತಾಯಿ ಕಾರ್ಡ್‌ನಲ್ಲಿ 'ರಕ್ತಹೀನತೆ' ಎಂದು ಬರೆಸಿಕೊಂಡು, ಮಾತ್ರೆ ನುಂಗುತ್ತಾ, ಏಳನೇ ತಿಂಗಳಲ್ಲಿ ಎಚ್‌ಪಿಎಲ್‌ಸಿಗೆ ಬರುವವರಿದ್ದಾರೆ. ಭ್ರೂಣಕ್ಕೆ ಕಾಯಿಲೆ ಇದೆಯೇ ಎಂದು 11–14 ವಾರದಲ್ಲೇ ತಿಳಿಯಬಹುದಿತ್ತು. ಏಳನೇ ತಿಂಗಳಲ್ಲಿ ಆ ತಾಯಿಗೆ ಏನು ಹೇಳುವುದು? ಸಂಕಟವಾಗುತ್ತದೆ.

ಇನ್ನು ಕಡ್ಡಾಯದ ಮಾತು. ಸೈಪ್ರಸ್‌ನಲ್ಲಿ 1980ರ ದಶಕದಿಂದ ಮದುವೆಗೆ ಚರ್ಚ್ ಪರೀಕ್ಷೆಯ ಸರ್ಟಿಫಿಕೇಟ್ ಕೇಳುತ್ತದೆ; ಅಲ್ಲಿ ಕಾಯಿಲೆಯ ಮಕ್ಕಳು ಹುಟ್ಟುವುದು ಹೆಚ್ಚುಕಡಿಮೆ ನಿಂತೇಹೋಯಿತು. ಆದರೆ ವಾಹಕ ಜೋಡಿಗಳು ಬಹುಪಾಲು ಮದುವೆ ಮುರಿದುಕೊಳ್ಳಲಿಲ್ಲ, ಬಸಿರಿನಲ್ಲಿ ಪರೀಕ್ಷೆ ಮಾಡಿಸಿಕೊಂಡರು. ಅಮೆರಿಕದಲ್ಲಿ 1970ರ ದಶಕದಲ್ಲಿ ಹಲವು ರಾಜ್ಯಗಳು ಕಪ್ಪುಜನರಿಗೆ ಸಿಕಲ್ ಸೆಲ್ (ಇದೂ ಹಿಮೋಗ್ಲೋಬಿನ್‌ನ ವಂಶವಾಹಿ ಕಾಯಿಲೆ) ಪರೀಕ್ಷೆ ಕಡ್ಡಾಯ ಮಾಡಿ, ತಿಳಿಹೇಳುವ ಏರ್ಪಾಡನ್ನೇ ಸರಿಯಾಗಿ ಮಾಡಲಿಲ್ಲ. ಬರೀ ವಾಹಕರಾದವರೂ ರೋಗಿಗಳೆನಿಸಿಕೊಂಡು ಕೆಲಸ, ವಿಮೆ ಕಳೆದುಕೊಂಡರು. ನಮ್ಮಲ್ಲಿ ಕಡ್ಡಾಯವಾದರೆ ಮೊದಲು ಮುರಿಯುವುದು ಹುಡುಗಿಯ ಸಂಬಂಧ, ಆಮೇಲೆ ಅವಳ ತಂಗಿಯದು. ಈ ನಷ್ಟ ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ.

ನನ್ನ ಕೇಳಿದರೆ, ಮೊದಲ ತಪಾಸಣೆಯಲ್ಲೇ ಪ್ರತಿ ಗರ್ಭಿಣಿಗೂ ಪುಕ್ಕಟೆ ಎಚ್‌ಪಿಎಲ್‌ಸಿ ಮಾಡಲಿ, ವಾಹಕಿ ಎಂದು ಬಂದರೆ ಅದೇ ವಾರ ಗಂಡನದೂ ಆಗಲಿ, ಕೂತು ಕನ್ನಡದಲ್ಲಿ ಬಿಡಿಸಿ ಹೇಳುವವರೊಬ್ಬರು ತಾಲ್ಲೂಕು ಆಸ್ಪತ್ರೆಯಲ್ಲಿ ಇರಲಿ. ನೂರಾರು ಕಾಯಿಲೆಗಳ ದುಬಾರಿ ಜೀನ್ ಪ್ಯಾಕೇಜ್ ಎಲ್ಲರಿಗೂ ಬೇಡ. ಅದರಲ್ಲಿ ಅನೇಕರು ಯಾವುದಾದರೂ ಒಂದಕ್ಕೆ ವಾಹಕರೇ ಆಗಿಬಿಡುತ್ತಾರೆ.

ನಿಮ್ಮ ವಿಷಯಕ್ಕೆ ಬಂದರೆ, ಮಗುವಿನ ಯೋಚನೆ ಇದ್ದರೆ ಬಸಿರಿಗೆ ಮುಂಚೆಯೇ ಇಬ್ಬರಲ್ಲಿ ಒಬ್ಬರು ಸಿಬಿಸಿ, ಎಚ್‌ಪಿಎಲ್‌ಸಿ ಎರಡನ್ನೂ ಮಾಡಿಸಿ. ಕಬ್ಬಿಣದ ಕೊರತೆ ತುಂಬಾ ಇದ್ದರೆ ಎಚ್‌ಬಿಎ2 (ವಾಹಕರಲ್ಲಿ ಹೆಚ್ಚಿರುವ ಹಿಮೋಗ್ಲೋಬಿನ್ ಬಗೆ) ಅಂಕಿ ಕಡಿಮೆ ತೋರಿಸಬಹುದು, ಆ ಬಗ್ಗೆ ಡಾಕ್ಟರನ್ನು ಕೇಳಿ.