ಬೂಟ್ ಸ್ಕ್ರಿಪ್ಟಿನಲ್ಲಿ ಫೈಲ್ ಅಳಿಸುವಾಗ ಬರುವ ಎರರನ್ನು ಸುಮ್ನೆ ಮುಚ್ಚಿಬಿಡಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಲಿನಕ್ಸ್ ಮೆಷಿನ್ ಆನ್ ಆಗುವಾಗ ಒಂದು ಸ್ಕ್ರಿಪ್ಟು ತಾನಾಗಿ ಓಡಿ ಹಳೇ ಲಾಕ್ ಫೈಲ್ (ಪ್ರೋಗ್ರಾಂ ಓಡುತ್ತಿದೆ ಅಂತ ತೋರಿಸುವ ಗುರುತಿನ ಫೈಲ್) ಅಳಿಸುತ್ತದೆ. ಫೈಲ್ ಇಲ್ಲದಿದ್ದರೆ ಎರರ್ ಬಂದು ಅಲ್ಲೇ ನಿಲ್ಲುತ್ತದೆ. ಎರರನ್ನು, ಬಂದದ್ದನ್ನೆಲ್ಲ ಎಸೆದುಬಿಡುವ ಡೆವ್ ನಲ್‌ಗೆ ಕಳಿಸಿ, ಏನೇ ಆದರೂ ‘ಸರಿಯಾಯ್ತು’ ಅನ್ನುವ ‘ಟ್ರೂ’ ಕೊನೆಗೊಂದು ಸೇರಿಸಿದರೆ ಆಯ್ತಲ್ವಾ ಅಂತ ಕೇಳಿದ್ದೀರಿ.

ದಯವಿಟ್ಟು ಹಾಗೆ ಮಾಡಬೇಡಿ. ನಾನು ಮಾಡಿ ಅನುಭವಿಸಿದ್ದೇನೆ.

ಬದಿಯಡ್ಕದ ಹತ್ತಿರ ಒಂದು ಅಡಿಕೆ ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವುದು ನಾನು. ಮಳೆಗಾಲದಲ್ಲಿ ನಮ್ಮಲ್ಲಿ ರಾತ್ರಿ ಕರೆಂಟು ಹೋಗುವುದು ಮಾಮೂಲು. ಯುಪಿಎಸ್ ಬ್ಯಾಟರಿ ಮುಗಿದರೆ ಮೆಷಿನ್ ಆಫ್. ಕರೆಂಟು ಬಂದ ಕೂಡಲೇ ಆನ್ ಆಗಲಿ ಅಂತ ಬಯಾಸ್‌ನಲ್ಲಿ ಸೆಟ್ ಮಾಡಿದ್ದೇನೆ. ಆ ಹೊತ್ತಿಗೆ ಅಂಗಡಿಯಲ್ಲಿ ಯಾರೂ ಇರುವುದಿಲ್ಲ. ಒಂದು ಬೆಳಿಗ್ಗೆ ಬಿಲ್ಲಿಂಗ್ ತೆರೆಯುತ್ತಿಲ್ಲ ಅಂತ ಫೋನ್ ಬಂತು. ಹೋಗಿ ನೋಡಿದರೆ ಜೀಪು, ರಿಕ್ಷಾಗಳಲ್ಲಿ ಅಡಿಕೆ ಗೋಣಿ. ಮೇಲೆ ಟಾರ್ಪಾಲು ಹೊದೆಸಿ ಜನ ಕಾಯುತ್ತಿದ್ದಾರೆ. ಸ್ಕ್ರೀನಿನಲ್ಲಿ ಒಂದೇ ಒಂದು ಎರರ್ ಇಲ್ಲ.

ಒಂದು ಗಂಟೆ ಹುಡುಕಿದ ಮೇಲೆ ಲಿನಕ್ಸಿನ ತಿರುಳಾದ ಕರ್ನಲ್ ಬರೆದಿಡುವ ಲಾಗಿನಲ್ಲಿ ಸಿಕ್ಕಿತು. ಫೈಲ್ ಸಿಸ್ಟಂನಲ್ಲಿ ದೋಷ ಕಂಡು ಕರ್ನಲ್ ಅದನ್ನು ರೀಡ್ ಓನ್ಲಿ (ಓದಬಹುದು, ಬರೆಯಲು ಅಳಿಸಲು ಆಗದು) ಮಾಡಿತ್ತು. ಹಾಗಾಗಿ ಲಾಕ್ ಅಳಿಯಲಿಲ್ಲ. ಆ ಎರರನ್ನು ನನ್ನ ಸ್ಕ್ರಿಪ್ಟು ನುಂಗಿತ್ತು. ಬಿಲ್ಲಿಂಗ್ ಪ್ರೋಗ್ರಾಂ ಲಾಕ್ ನೋಡಿ, ಇನ್ನೊಂದು ಕಾಪಿ ಓಡುತ್ತಿದೆ ಅಂತ ತಿಳಿದು ತಾನೇ ಮುಚ್ಚಿಕೊಂಡಿತ್ತು. ಎರರ್ ಕಣ್ಣಿಗೆ ಬಿದ್ದಿದ್ದರೆ ನೇರವಾಗಿ ಡಿಸ್ಕ್ ಚೆಕ್ ಮಾಡಲು ಕೂರುತ್ತಿದ್ದೆ.

ಫೈಲ್ ಇಲ್ಲ ಅನ್ನುವುದು ಬೇರೆ, ಇದೆ ಆದರೆ ಅಳಿಯುತ್ತಿಲ್ಲ ಅನ್ನುವುದು ಬೇರೆ. ಮೊದಲನೆಯದು ತೊಂದರೆಯೇ ಅಲ್ಲ, ನಮಗೆ ಬೇಕಾದದ್ದೂ ಅದೇ. ಆರ್‌ಎಂ ಕಮಾಂಡಿಗೆ (ಫೈಲ್ ಅಳಿಸುವ rm) ಮೈನಸ್ ಎಫ್ (-f) ಮಾತ್ರ ಹಾಕಿ, ಡೆವ್ ನಲ್, ಟ್ರೂ ಎರಡನ್ನೂ ತೆಗೆಯಿರಿ. ಫೈಲ್ ಇಲ್ಲದಿದ್ದರೆ ಮೈನಸ್ ಎಫ್ ತಕರಾರು ಮಾಡದೆ ಸೊನ್ನೆ, ಅಂದರೆ ‘ಎಲ್ಲಾ ಸರಿ’, ಕೊಡುತ್ತದೆ. ಪರ್ಮಿಷನ್ ಇಲ್ಲದಿದ್ದರೆ, ಡಿಸ್ಕ್ ರೀಡ್ ಓನ್ಲಿ ಆಗಿದ್ದರೆ ಎರರ್ ಕೊಟ್ಟೇ ಕೊಡುತ್ತದೆ. ಪರ್ಮಿಷನ್ ನೋಡುವಾಗ ಒಂದು ನೆನಪಿಡಿ: ಅಳಿಸಲು ಬೇಕಾದದ್ದು ಫೋಲ್ಡರಿಗೆ ಬರೆಯುವ ಅನುಮತಿ, ಫೈಲಿಗೆ ಅಲ್ಲ. ಇಲ್ಲಿ ತುಂಬಾ ಜನ ಎಡವುತ್ತಾರೆ.

ಎರರ್ ಬಂದರೆ ಇಡೀ ಬೂಟ್ ನಿಲ್ಲಿಸಬೇಡಿ. ನೆಟ್‌ವರ್ಕ್, ಎಸ್‌ಎಸ್‌ಎಚ್ (ದೂರದಿಂದ ಮೆಷಿನ್ ಒಳಗೆ ಹೋಗುವ ದಾರಿ) ಏಳಬೇಕು, ಇಲ್ಲದಿದ್ದರೆ ಮಳೆಯಲ್ಲಿ ನೀವೇ ಹೋಗಬೇಕಾಗುತ್ತದೆ. ಬಿಲ್ಲಿಂಗ್ ಒಂದನ್ನೇ ತಡೆಯಿರಿ. ಸುದ್ದಿಯನ್ನು ಡಿಸ್ಕಿನ ಲಾಗಿಗೆ ಮಾತ್ರ ಬರೆದರೆ ಸಾಲದು, ಡಿಸ್ಕೇ ರೀಡ್ ಓನ್ಲಿ ಆದಾಗ ಅದೂ ಬರೆಯುವುದಿಲ್ಲ. ನಾನು ಸ್ಕ್ರೀನಿಗೂ ನನ್ನ ಫೋನಿಗೂ ಕಳಿಸುತ್ತೇನೆ, ಕನ್ನಡದಲ್ಲೇ: ‘ಬಿಲ್ಲಿಂಗ್ ಶುರುವಾಗಿಲ್ಲ. ಲಾಕ್ ಅಳಿಯುತ್ತಿಲ್ಲ. ಮೆಷಿನ್ ಆಫ್ ಮಾಡಬೇಡಿ, ಫೋನ್ ಮಾಡಿ.’ ಅಂಗಡಿಯ ಹುಡುಗ ಓದಿ ಫೋನ್ ಮಾಡುತ್ತಾನೆ.

ಇನ್ನೂ ಒಳ್ಳೆಯದು, ಅಳಿಸುವ ಕೆಲಸವೇ ಇಲ್ಲದ ಹಾಗೆ ಮಾಡುವುದು. ಲಾಕ್ ಫೈಲನ್ನು ‘ರನ್’ (/run) ಫೋಲ್ಡರಿಗೆ ಬದಲಾಯಿಸಿ. ಈಗಿನ ಲಿನಕ್ಸ್‌ಗಳಲ್ಲಿ ಅದು ರ‍್ಯಾಮ್‌ನಲ್ಲಿರುತ್ತದೆ, ಆಫ್ ಆದರೆ ಖಾಲಿ. ಪ್ರೋಗ್ರಾಂ ನಿಮ್ಮದೇ ಆದರೆ, ಕರ್ನಲ್ ಮೂಲಕ ಲಾಕ್ ಹಾಕುವ ‘ಎಫ್‌ಲಾಕ್’ ಬಳಸಿ. ಪ್ರೋಸೆಸ್ ಸತ್ತರೆ ಕರ್ನಲ್ಲೇ ಆ ಲಾಕ್ ಬಿಡಿಸುತ್ತದೆ.

ನಿಮ್ಮ ಲಾಕ್ ಫೈಲ್ ಈಗ ಯಾವ ಫೋಲ್ಡರಿನಲ್ಲಿದೆ, ಸ್ಕ್ರಿಪ್ಟು ಯಾವ ಯೂಸರ್ ಹೆಸರಲ್ಲಿ ಓಡುತ್ತದೆ ಅಂತ ಬರೆಯಿರಿ, ನೋಡಿ ಹೇಳುತ್ತೇನೆ.