ಊರಿಂದ ಬಂದ ಅಪ್ಪ ಅಮ್ಮ, ಸಣ್ಣ ಮಕ್ಕಳ ಜತೆ ಇಂಗ್ಲೆಂಡಿನಲ್ಲಿ ಯಾವ ಹಳೆಯ ಹಾಯಿಹಡಗು ನೋಡಬಹುದು?

ಎಲ್ಲರೂ ಲಂಡನ್ನಿನ 'ಕಟ್ಟಿ ಸಾರ್ಕ್' ಹಡಗು ಅಂತಾರೆ. ಅದೂ ಚೆನ್ನಾಗಿದೆ. ಆದರೆ ಊರಿಂದ ಹಿರಿಯರು ಬಂದಿದ್ದರೆ ನಾನು ಹೇಳುವುದು ಈಶಾನ್ಯ ಇಂಗ್ಲೆಂಡಿನ ಕರಾವಳಿಯ ಊರು ಹಾರ್ಟ್ಲ್‌ಪೂಲ್‌ನಲ್ಲಿರುವ ಬ್ರಿಟಿಷ್ ನೌಕಾಪಡೆಯ ಹಳೆಯ ಯುದ್ಧನೌಕೆ, ಎಚ್‌ಎಂಎಸ್ ಟ್ರಿಂಕೋಮಲಿ. ಯಾಕೆಂದರೆ ಆ ಹಡಗು ಹುಟ್ಟಿದ್ದು ಮುಂಬೈಯಲ್ಲಿ.

ಲೀಡ್ಸ್‌ನಿಂದ ಕಾರಿನಲ್ಲಿ ಹೊರಟಾಗ ಅಪ್ಪ ದಾರಿಯುದ್ದಕ್ಕೂ ಗೊಣಗಿದರು, "ಹಡಗಲ್ಲಿ ನೋಡೋಕೆ ಏನಿದೆ?" ನಮ್ಮದು ಶಿರಸಿ ಕಡೆ. ಮನೆ ಕಟ್ಟಿಸುವಾಗ ಪ್ರತಿ ಕಂಬದ ಮರವನ್ನೂ ಅಪ್ಪನೇ ನಿಂತು ಆರಿಸಿದ್ದರು. ಹಡಗು ಹತ್ತಿ, ಒಂದು ತೊಲೆಯ ಮೇಲೆ ಕೈಯಾಡಿಸಿ, ಬೆರಳಲ್ಲಿ ತಟ್ಟಿ ನೋಡಿದರು. "ಇದು ಸಾಗವಾನಿ ಮಾರಾಯ!" ಅಂದರು. ಆಮೇಲೆ ಅವರನ್ನು ಕೆಳಗಿಳಿಸುವುದೇ ಕಷ್ಟವಾಯಿತು.

ಹೌದು, ಮಲಬಾರಿನ ಸಾಗವಾನಿಯೇ. ನೆಪೋಲಿಯನ್ ಜತೆಗಿನ ಯುದ್ಧಗಳ ಕಾಲಕ್ಕೆ ಬ್ರಿಟನ್ನಿನಲ್ಲಿ ಓಕ್ ಮರ ಸಾಲದಾಗಿತ್ತು. ಹಾಗಾಗಿ ಕೆಲವು ಯುದ್ಧನೌಕೆಗಳನ್ನು ಮುಂಬೈಯಲ್ಲಿ ಕಟ್ಟಿಸಿದರು. ಇದನ್ನು ಕಟ್ಟಿದವರು ಪಾರ್ಸಿ ಮೇಸ್ತ್ರಿ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ. ನೀರಿಗಿಳಿದದ್ದು 1817ರಲ್ಲಿ. ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು, ಪಾಪ! ಕೆಲಸಕ್ಕೆ ಹಚ್ಚಿದ್ದು 1847ರಲ್ಲಿ. ಯುರೋಪಿನಲ್ಲಿ ಇನ್ನೂ ನೀರಿನ ಮೇಲೆ ತೇಲುತ್ತಿರುವ ಯುದ್ಧನೌಕೆಗಳಲ್ಲಿ ಇದೇ ಹಳೆಯದು. ಸಾಗವಾನಿಯ ಎಣ್ಣೆ ಅಂಶಕ್ಕೆ ಹುಳ ಸುಲಭಕ್ಕೆ ಹತ್ತುವುದಿಲ್ಲ, ಓಕ್ ಮರದ ಹಾಗೆ ಅದು ಕಬ್ಬಿಣದ ಮೊಳೆಯನ್ನು ತಿನ್ನುವುದೂ ಇಲ್ಲ.

ಹಡಗಿನ ಬುಡದ ತೊಲೆಗೆ ಪಾರ್ಸಿ ಪದ್ಧತಿಯಂತೆ ಬೆಳ್ಳಿಯ ಮೊಳೆ ಹೊಡೆದಿದ್ದರಂತೆ. ಇದನ್ನು ಕೇಳಿದ ಅಮ್ಮ, "ನಾವು ಬಾಗಿಲು ಇಡುವಾಗ ಪೂಜೆ ಮಾಡಲ್ವಾ, ಹಾಗೇ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಹಡಗಿನ ಮೂತಿಯಲ್ಲಿ ಪೇಟ ಸುತ್ತಿದ ಗಂಡಸಿನ ಗೊಂಬೆ ಇದೆ. ಅದರ ಮುಂದೆ ಫೋಟೋ ತೆಗೆಸಿಕೊಳ್ಳಿ.

ಮಕ್ಕಳಿಗೆ ಫಿರಂಗಿ ಇಷ್ಟ. ನಮ್ಮ ಮಗನಿಗೆ ಮಾತ್ರ ನಾವಿಕರು ಕಕ್ಕಸಿಗೆ ಎಲ್ಲಿ ಹೋಗುತ್ತಿದ್ದರು ಎಂಬುದೇ ಚಿಂತೆ. ಹಡಗಿನ ಮೂತಿಯ ಹತ್ತಿರ, ಬಯಲಲ್ಲೇ, ಕೆಳಗೆ ಸಮುದ್ರ! ಅವತ್ತಿಡೀ ಅದನ್ನೇ ಹೇಳಿ ನಗುತ್ತಿದ್ದ.

ಹಡಗು ಈಗ ಸಮುದ್ರಕ್ಕೆ ಹೋಗುವುದಿಲ್ಲ, ಧಕ್ಕೆಯಲ್ಲೇ ನಿಂತಿರುತ್ತದೆ. ಅದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಕೆಳಗಿನ ಅಂತಸ್ತಿಗೆ ಇಳಿಯುವ ಏಣಿ ಬಹಳ ಕಡಿದು. ಸೀರೆ ಉಟ್ಟಿದ್ದ ಅಮ್ಮ ಇಳಿಯಲೇ ಇಲ್ಲ. ಸೂರು ಎಷ್ಟು ತಗ್ಗು ಅಂದರೆ ನಾನು ಎರಡು ಸಲ ತಲೆ ಜಜ್ಜಿಸಿಕೊಂಡೆ. ಬೇಸಿಗೆಯಾದರೂ ಸ್ವೆಟರ್ ಇರಲಿ, ಅಲ್ಲಿಯ ಸಮುದ್ರದ ಗಾಳಿ ನಮ್ಮ ಗೋಕರ್ಣದ ಗಾಳಿಯಲ್ಲ.